ಬೀಳುವವರ ಬೆನ್ನಿಗೆ ದುಗ್ಗಮ್ಮನ ಕೈ

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಗುತ್ತಿಗಾರು ಪೇಟೆಯಿಂದ ಒಂದೂವರೆ ಕಿಲೋಮೀಟರು ಒಳಗಿರುವ ಮನೆಯಲ್ಲಿ ಬೆಳ್ಯಪ್ಪ ಮಲಗುವ ಕೋಣೆಯ ಬಾಗಿಲಿಗೆ ಬಂದು ನಿಂತಿದ್ದಾರೆ. ಹೊಸ್ತಿಲಿನ ಆಚೆ ಚಾವಡಿ, ಚಾವಡಿ ದಾಟಿದರೆ ಬಚ್ಚಲು. ಒಟ್ಟು ಹದಿನಾಲ್ಕು ಹೆಜ್ಜೆ. ಆದರೆ ಮೊದಲನೆಯದೇ ಏಳುತ್ತಿಲ್ಲ. ಪಾದಗಳು ನೆಲಕ್ಕೆ ಅಂಟಿಕೊಂಡಿವೆ, ಮೊಣಕಾಲು ನಡುಗುತ್ತಿದೆ, ಮೈಯ ಮೇಲಿನ ಅರ್ಧ ಮಾತ್ರ ಮುಂದಕ್ಕೆ ವಾಲುತ್ತಿದೆ. ಅವರ ಸೊಂಟಕ್ಕೆ ಕಟ್ಟಿದ ದಪ್ಪ ಪಟ್ಟಿಯೊಳಗೆ ನಾಲ್ಕು ಬೆರಳು ತೂರಿಸಿ ಹಿಡಿದುಕೊಂಡು ದುಗ್ಗಮ್ಮ ಹಿಂದೆ ನಿಂತಿದ್ದಾರೆ. ದೂಡುವುದಿಲ್ಲ, ಎಳೆಯುವುದೂ ಇಲ್ಲ. ಅರ್ಧ ನಿಮಿಷ ಸುಮ್ಮನಿದ್ದು ಅವರ ಕಿವಿಯ ಹತ್ತಿರ ಸಣ್ಣ ದನಿಯಲ್ಲಿ ಹೇಳುತ್ತಾರೆ: "ರೈಟ್, ಪೋಯಿ."

ಬೆಳ್ಯಪ್ಪನ ಬಲಗಾಲು ಎದ್ದು ಹೊಸ್ತಿಲು ದಾಟುತ್ತದೆ. ಹಿಂದೆಯೇ ಎಡಗಾಲು.

ಅರವತ್ತೆಂಟು ವರ್ಷದ ಬೆಳ್ಯಪ್ಪ ಪುತ್ತೂರಿನಿಂದ ಸುಬ್ರಹ್ಮಣ್ಯಕ್ಕೆ ಹೋಗುವ ಖಾಸಗಿ ಬಸ್ಸಿನಲ್ಲಿ ಮೂವತ್ತೊಂದು ವರ್ಷ ಕಂಡಕ್ಟರ್ ಆಗಿದ್ದವರು. ಓಡುವ ಬಸ್ಸಿನಲ್ಲಿ, ತಿರುವಿನ ಮೇಲೆ ತಿರುವು ಬರುವ ರಸ್ತೆಯಲ್ಲಿ, ಒಂದು ಕೈಯಲ್ಲಿ ಟಿಕೇಟು ಇನ್ನೊಂದು ಕೈಯಲ್ಲಿ ಚಿಲ್ಲರೆ ಹಿಡಿದು, ಯಾವ ಕಂಬಿಯನ್ನೂ ಮುಟ್ಟದೆ ನಿಂತವರು. ಆರು ವರ್ಷದ ಹಿಂದೆ ಪಾರ್ಕಿನ್ಸನ್ ಕಾಯಿಲೆ ಶುರುವಾಯಿತು. ಈಗ ಅಲುಗಾಡದ ಸಿಮೆಂಟು ನೆಲದಲ್ಲಿ ಯಾರಾದರೂ ಹಿಂದಿನಿಂದ ಹೆಸರು ಕರೆದರೂ ಸಾಕು, ತಿರುಗಲು ಹೋಗಿ ಅಂಗಾತ ಬೀಳುತ್ತಾರೆ. ಬೀಳುವಾಗ ಕೈ ಊರಬೇಕೆಂದು ಕೈಗೆ ಹೊಳೆಯುವುದಿಲ್ಲ.

"ಹೇಳಿದ್ರೆ ಕಾಲಿಗೆ ಕೇಳುದಿಲ್ಲ, ಕಿವಿಗೆ ಕೇಳ್ತದೆ" ಎನ್ನುತ್ತಾರೆ ದುಗ್ಗಮ್ಮ. "ಎಡಗಾಲು ಎತ್ತಿ, ಬಲಗಾಲು ಎತ್ತಿ ಅಂತ ನಾನು ಎಷ್ಟೋ ದಿನ ಹೇಳಿದೆ. ಆಗ್ಲಿಲ್ಲ. ಒಂದು ದಿನ ತಮಾಷೆಗೆ, ಅವರು ಬಸ್ಸು ಬಿಡ್ಲಿಕ್ಕೆ ಹೇಳ್ತಿದ್ದ ಹಾಗೆ, ರೈಟ್ ಪೋಯಿ ಅಂದೆ. ಹೋದ್ರು."

ತಮಾಷೆಯಿಂದ ಸಿಕ್ಕಿದ್ದು ಅದೊಂದೇ. ಉಳಿದದ್ದೆಲ್ಲ ಬೆವರಿನಿಂದ ಬಂದದ್ದು. ಚಾವಡಿಯ ನೆಲದಲ್ಲಿ ಗೇಣಿಗೊಂದರಂತೆ ಕೆಂಪು ಟೇಪು ಅಂಟಿಸಿದವರು ಅವರೇ. ಕಾಲು ಮುಂದಿಡಲು ಒಂದು ಗೆರೆ ಕಂಡರೆ ಬೆಳ್ಯಪ್ಪನಿಗೆ ಸಲೀಸು. ಬಚ್ಚಲಿನ ಒಳಗೆ ಗಕ್ಕನೆ ತಿರುಗಬಾರದು, ದೊಡ್ಡ ಬಸ್ಸನ್ನು ಸಣ್ಣ ಅಂಗಳದಲ್ಲಿ ತಿರುಗಿಸಿದಂತೆ ಏಳೆಂಟು ಚಿಕ್ಕ ಹೆಜ್ಜೆಯಲ್ಲಿ ಸುತ್ತು ಬರಬೇಕು ಎಂದು ಕಲಿಸಿದವರೂ ಅವರೇ. ಐದೂವರೆಗೆ ಬೆಳ್ಯಪ್ಪನ ಹೆಂಡತಿ ಮಾತ್ರೆ ಕೊಡುತ್ತಾರೆ. ಅದು ಮೈಗೆ ಹತ್ತುವ ಹೊತ್ತಿಗೆ ಸರಿಯಾಗಿ ದುಗ್ಗಮ್ಮ ಬಂದಿರಬೇಕು. ಕಾಡಿನಿಂದ ಆನೆ ಇಳಿದ ದಿನ ಊರಿನ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ನೋಡಿಕೊಂಡು, ಬಳಸು ದಾರಿಯಲ್ಲಿ ಟಾರ್ಚು ಹಿಡಿದು ಬರುತ್ತಾರೆ. ಅಂಥ ದಿನ ತಡವಾಗುತ್ತದೆ, ಬೆಳ್ಯಪ್ಪ ಹಾಸಿಗೆಯಲ್ಲೇ ಕಾಯುತ್ತಾರೆ.

ದುಗ್ಗಮ್ಮನಿಗೆ ಐವತ್ತೆರಡು ವರ್ಷ. ಗಟ್ಟಿ ಆಳು, ಆದರೆ ಬಲ ಭುಜ ಎಡಕ್ಕಿಂತ ಒಂದು ಬೆರಳು ಕೆಳಗೆ ಇಳಿದಿದೆ. ಹೆಗಲ ಚೀಲದಲ್ಲಿ ಎರಡು ಸೊಂಟದ ಪಟ್ಟಿ, ಒಂದು ಸೀಮೆಸುಣ್ಣ, ಟೇಪಿನ ಸುರುಳಿ, ಬುತ್ತಿ, ನೋವಿನ ಎಣ್ಣೆ. ನೋವಿನ ಎಣ್ಣೆ ರೋಗಿಗಳಿಗಲ್ಲ. ಅವರು ನರ್ಸ್ ಅಲ್ಲ, ಫಿಸಿಯೋಥೆರಪಿ ಓದಿದವರೂ ಅಲ್ಲ, ಶಾಲೆಗೆ ಹೋದದ್ದು ಏಳನೆಯವರೆಗೆ. ಪುತ್ತೂರಿನಲ್ಲಿ ಫಿಸಿಯೋಥೆರಪಿಸ್ಟ್ ಆಗಿರುವ ಚಿನ್ಮಯೀ ಎಂಬವರು ರೋಗಿಯನ್ನು ಪರೀಕ್ಷಿಸಿ ಏನು ಮಾಡಿಸಬೇಕೆಂದು ಬರೆದುಕೊಡುತ್ತಾರೆ. ಅದನ್ನು ದಿನವೂ ಮನೆಗೆ ಹೋಗಿ ಮಾಡಿಸುವವರು ದುಗ್ಗಮ್ಮ. ಎಂಟು ವರ್ಷದಿಂದ ಇದೇ ಕೆಲಸ. ಸುಳ್ಯ, ಕಡಬ, ಪುತ್ತೂರು ಮೂರೂ ತಾಲೂಕಿನಲ್ಲಿ ಸೇರಿ ಈಗ ಒಂಬತ್ತು ಮನೆ ಇವೆ. ದಿನಕ್ಕೆ ನಾಲ್ಕೋ ಐದೋ ಆಗುತ್ತದೆ, ಬಸ್ಸಿನ ಲೆಕ್ಕ ಹಿಡಿದರೆ ನೂರು ಕಿಲೋಮೀಟರಿಗೆ ಕಡಿಮೆ ಇಲ್ಲ. ಒಬ್ಬರನ್ನು ಒಂದು ಭೇಟಿಯಲ್ಲಿ ಹದಿನೈದು ಇಪ್ಪತ್ತು ಸಲ ಕುರ್ಚಿಯಿಂದ ಎಬ್ಬಿಸಿ ಕೂರಿಸಬೇಕು. ಸಂಜೆಯ ಹೊತ್ತಿಗೆ ಎಪ್ಪತ್ತು ಎಂಬತ್ತು ಸಲ ಇನ್ನೊಬ್ಬರ ಭಾರ ಅವರ ಕೈಗೆ ಬಂದು ಹೋಗಿರುತ್ತದೆ.

ಏಳೂಕಾಲಿನ ಬಸ್ಸು ಅವರನ್ನು ಕಾಣಿಯೂರಿಗೆ ತಲುಪಿಸುತ್ತದೆ. ಅಲ್ಲಿರುವುದು ನಿವೃತ್ತ ಶಿಕ್ಷಕಿ ವಾಸಂತಿ. ಅವರದ್ದು ಬೇರೆಯೇ ತೊಂದರೆ. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ ಪಾದದ ನರಗಳನ್ನು ತಿಂದುಹಾಕಿದೆ. ನೆಲ ಮುಟ್ಟಿದ್ದು, ಬಿಟ್ಟದ್ದು, ಕಲ್ಲು ಸಿಕ್ಕಿದ್ದು, ಯಾವುದೂ ಮೇಲಕ್ಕೆ ಗೊತ್ತಾಗುವುದಿಲ್ಲ. ಮನುಷ್ಯ ನೆಟ್ಟಗೆ ನಿಲ್ಲಬೇಕಾದರೆ ಕಣ್ಣು, ಒಳಗಿವಿ, ಪಾದ ಈ ಮೂರೂ ಕಡೆಯಿಂದ ಮೆದುಳಿಗೆ ಸುದ್ದಿ ಹೋಗುತ್ತಿರಬೇಕು ಎಂದು ಚಿನ್ಮಯೀ ದುಗ್ಗಮ್ಮನಿಗೆ ವಿವರಿಸಿದ್ದಾರಂತೆ. ಪಾದ ಸುದ್ದಿ ಕಳಿಸುವುದನ್ನು ನಿಲ್ಲಿಸಿದ್ದರಿಂದ ವಾಸಂತಿ ಟೀಚರ್ ನಿಂತಿರುವುದು ಬಹುಮಟ್ಟಿಗೆ ಕಣ್ಣಿನ ಬಲದ ಮೇಲೆ. ಎರಡು ವರ್ಷದ ಹಿಂದೆ ಮುಖಕ್ಕೆ ಸೋಪು ಹಚ್ಚಿಕೊಂಡು ಕಣ್ಣು ಮುಚ್ಚಿದ ಕ್ಷಣ ಬಚ್ಚಲಲ್ಲಿ ಬಿದ್ದರು. ಈಗ ಕುರ್ಚಿ ಹಾಕಿ ಕೂತೇ ಮುಖ ತೊಳೆಯಬೇಕು. ಕತ್ತಲಾದ ಮೇಲೆ ಕರೆಂಟು ಹೋದರೆ ಇದ್ದಲ್ಲೇ ಕೂತುಬಿಡಬೇಕು. ದುಗ್ಗಮ್ಮ ಎದುರು ನಿಂತು ಎರಡೂ ಅಂಗೈ ಚಾಚುತ್ತಾರೆ. ಟೀಚರ್ ಅದನ್ನು ಮುಟ್ಟಿಯೂ ಮುಟ್ಟದಂತೆ ಒಂಟಿ ಕಾಲಲ್ಲಿ ನಿಲ್ಲಲು ನೋಡುತ್ತಾರೆ. ನಾಲ್ಕು ಸೆಕೆಂಡು, ಐದು ಸೆಕೆಂಡು. ಹೋದ ತಿಂಗಳೂ ಐದೇ ಇತ್ತು.

"ಹೆಚ್ಚಾಗುದಿಲ್ಲ" ಎಂದು ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ ದುಗ್ಗಮ್ಮ ಹೇಳುತ್ತಾರೆ. "ಕಡಿಮೆಯಾಗದ ಹಾಗೆ ನೋಡಿಕೊಳ್ಳುದು. ನಮ್ಮದು ಹೆಚ್ಚಿನವರಲ್ಲಿ ಇಷ್ಟೇ ಕೆಲಸ. ಜನರಿಗೆ ಗುಣ ಆದದ್ದು ಕಾಣಬೇಕು. ಬೀಳದೆ ಇದ್ದದ್ದು ಯಾರಿಗೂ ಕಾಣುದಿಲ್ಲ ಅಲ್ವಾ."

ಈ ಕೆಲಸಕ್ಕೆ ಅವರು ತಾವಾಗಿ ಬಂದವರಲ್ಲ.

ಗಂಡ ಚನಿಯಪ್ಪ ಗುತ್ತಿಗಾರಿನ ಆಚೆ ಒಂದು ಖಾಸಗಿ ತೋಟದಲ್ಲಿ ರಬ್ಬರ್ ಟ್ಯಾಪಿಂಗ್ ಮಾಡುತ್ತಿದ್ದರು. ಕೈಚಳಕದ ಕೆಲಸ ಅದು. ಮರದ ತೊಗಟೆಯನ್ನು ಇಷ್ಟೇ ಆಳಕ್ಕೆ, ಇಷ್ಟೇ ಓರೆಗೆ ಕತ್ತರಿಸಬೇಕು, ಒಳಗಿನ ಮರಕ್ಕೆ ಕತ್ತಿ ತಾಗಬಾರದು. ಹತ್ತೊಂಬತ್ತು ವರ್ಷದ ಹಿಂದೆ, ಚನಿಯಪ್ಪನಿಗೆ ಮೂವತ್ತಾರಾಗಿದ್ದಾಗ ಕತ್ತಿಯ ಗೆರೆ ಅಂಕುಡೊಂಕಾಗತೊಡಗಿತು. ಮರಗಳಲ್ಲಿ ಗಾಯ ಕಂಡವು. ನಡೆಯುವಾಗ ಕಾಲು ಅಗಲಿಸಿ ಇಡುತ್ತಿದ್ದರು, ಗುಡ್ಡದ ದಾರಿಯಲ್ಲಿ ಬಲಕ್ಕೂ ಎಡಕ್ಕೂ ತೂರಾಡುತ್ತಿದ್ದರು. ಮಾತು ಎಳೆದೆಳೆದು ಬರುತ್ತಿತ್ತು. ತೋಟದ ಮೇಲ್ವಿಚಾರಕ ಎರಡು ಸಲ ಎಚ್ಚರಿಸಿ, ಮೂರನೆಯ ಸಲ ಕುಡಿದು ಕೆಲಸಕ್ಕೆ ಬರುವವನು ಬೇಡ ಎಂದು ಕಳಿಸಿಬಿಟ್ಟ. ಊರೂ ಅದನ್ನೇ ಹೇಳಿತು. ಚನಿಯಪ್ಪನ ಅಪ್ಪನೂ ಹೀಗೆಯೇ ತೂರಾಡುತ್ತ ನಡೆದು ನಲವತ್ತೆಂಟಕ್ಕೆ ತೀರಿಕೊಂಡಿದ್ದ. ಕುಡಿದು ಸತ್ತ ಎಂದು ಅವನ ಬಗ್ಗೆಯೂ ಊರು ತೀರ್ಮಾನ ಮಾಡಿತ್ತು. ಅಪ್ಪನ ಚಾಳಿ ಮಗನಿಗೆ ಬಂತು ಎಂದರು.

ದುಗ್ಗಮ್ಮನೂ ನಂಬಿದರು. ಸಂಜೆ ಗಂಡ ಮನೆಗೆ ಬಂದಾಗ ಬಾಯಿ ಮೂಸಿ ನೋಡುತ್ತಿದ್ದರು. ವಾಸನೆ ಇರುತ್ತಿರಲಿಲ್ಲ. ವಾಸನೆ ಬಾರದ್ದು ಏನೋ ಕುಡಿಯುತ್ತಾನೆ ಎಂದುಕೊಂಡರು. ಮನೆಯಲ್ಲಿ ಮಾತು ನಿಂತಿತು. ಒಂದು ದಿನ ಗಂಡನನ್ನು ಕುಟುಂಬದ ದೈವದ ಎದುರು ಕರೆದುಕೊಂಡು ಹೋಗಿ, ಇನ್ನು ಮುಟ್ಟುವುದಿಲ್ಲ ಎಂದು ಪ್ರಮಾಣ ಮಾಡಲು ಹೇಳಿದರು. ತಾನು ಕುಡಿದೇ ಇಲ್ಲ ಎಂದು ಚನಿಯಪ್ಪ ಹೇಳಿದರು. ಹಾಗಾದರೆ ಪ್ರಮಾಣ ಮಾಡಲು ಏನು ಕಷ್ಟ ಎಂದು ದುಗ್ಗಮ್ಮ ಕೇಳಿದರು. ಅವರು ಪ್ರಮಾಣ ಮಾಡಿದರು. ಮನೆಗೆ ಮರಳುವಾಗ ಗದ್ದೆಯ ಹುಣಿಯ ಇಕ್ಕಟ್ಟು ದಾರಿಯಲ್ಲಿ ಎರಡು ಸಲ ಜಾರಿ ಬಿದ್ದರು. ದುಗ್ಗಮ್ಮ ತಿರುಗಿ ನೋಡಲಿಲ್ಲ.

ಇಷ್ಟನ್ನು ಹೇಳುವಾಗ ಅವರ ದನಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. "ಕುಡಿಯದವನ ಕೈಯಲ್ಲಿ ಕುಡಿಯುದಿಲ್ಲ ಅಂತ ಪ್ರಮಾಣ ಮಾಡಿಸಿದವಳು ನಾನು. ಅದನ್ನು ನೀವು ಬರೀಬಹುದು. ಊರಿಗೆಲ್ಲ ಗೊತ್ತುಂಟು."

ನಾಲ್ಕು ವರ್ಷ ಹೀಗೆ ಕಳೆದ ಮೇಲೆ, ಅನ್ನ ನುಂಗುವಾಗ ನೆತ್ತಿಗೇರುವುದು ಹೆಚ್ಚಾಗಿ ಮಂಗಳೂರಿಗೆ ಕರೆದುಕೊಂಡು ಹೋದರು. ತಲೆಯ ಸ್ಕ್ಯಾನ್ ಆಯಿತು. ಮೈಯ ಹಿಡಿತ ನೋಡಿಕೊಳ್ಳುವ ಕಿರುಮೆದುಳು ಸವೆಯುತ್ತಾ ಬಂದಿದೆ, ಇದು ವಂಶದಲ್ಲಿ ಹರಿದು ಬರುವ ಕಾಯಿಲೆ, ಮದ್ದಿಲ್ಲ ಎಂದು ಡಾಕ್ಟರು ಹೇಳಿದರು. ಕುಡಿತಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದೂ ಹೇಳಿದರು. ಕೇಳಿದ್ದು ದುಗ್ಗಮ್ಮನೇ. ಆಗ ಪಕ್ಕದಲ್ಲಿ ಕೂತಿದ್ದ ಚನಿಯಪ್ಪ ಹೆಂಡತಿಯ ಮುಖ ನೋಡಲಿಲ್ಲವಂತೆ, ಡಾಕ್ಟರ ಮೇಜಿನ ಮೇಲಿದ್ದ ಪೆನ್ನನ್ನೇ ನೋಡುತ್ತಿದ್ದರಂತೆ.

ಮತ್ತೆ ಆರು ವರ್ಷ ದುಗ್ಗಮ್ಮ ಗಂಡನನ್ನು ಬೀಳಲು ಬಿಡಲಿಲ್ಲ. ಪುತ್ತೂರಿನಲ್ಲಿ ಆಗಷ್ಟೇ ಕೆಲಸ ಶುರು ಮಾಡಿದ್ದ ಚಿನ್ಮಯೀ ಹಿಡಿಯುವ ಬಗೆ ತೋರಿಸಿಕೊಟ್ಟರು. ಕೈ ಹಿಡಿದು ಎಳೆಯಬಾರದು, ಕಂಕುಳಿಗೆ ಕೈ ಹಾಕಿ ಎತ್ತಬಾರದು, ಹಿಡಿತ ಸೊಂಟದಲ್ಲಿರಬೇಕು, ಹಿಡಿಯುವವರ ಕಾಲು ಒಂದು ಮುಂದೆ ಒಂದು ಹಿಂದೆ ಇರಬೇಕು. ಕೊನೆಯ ಮಳೆಗಾಲದಲ್ಲಿ ನುಂಗಿದ್ದು ಶ್ವಾಸಕೋಶಕ್ಕೆ ಹೋಗಿ ಜ್ವರ ಬಂದು ಚನಿಯಪ್ಪ ತೀರಿಕೊಂಡರು. ವರ್ಷ ತುಂಬುವ ಮೊದಲೇ ಚಿನ್ಮಯೀ ಮನೆಗೆ ಬಂದು, ಗುತ್ತಿಗಾರಿನಲ್ಲಿ ಒಬ್ಬರು ರೋಗಿ ಇದ್ದಾರೆ, ಹಿಡಿಯಲು ಗೊತ್ತಿರುವವರು ನೀವೊಬ್ಬರೇ ಎಂದು ಕರೆದರು. ಹೋದರು. ಪುಣ್ಯದ ಕೆಲಸ ಎಂದು ಯಾರಾದರೂ ಹೊಗಳಿದರೆ ದುಗ್ಗಮ್ಮನಿಗೆ ಸಿಟ್ಟು ಬರುತ್ತದೆ. ತನಗೆ ಬೇರೆ ಕೆಲಸ ಗೊತ್ತಿರಲಿಲ್ಲ, ಮನೆಯಲ್ಲಿ ಹದಿನಾರು ವರ್ಷದ ಮಗಳಿದ್ದಳು, ಅದಕ್ಕೇ ಹೋದದ್ದು ಎನ್ನುತ್ತಾರೆ.

ಕಾಣಿಯೂರಿನಿಂದ ಪುತ್ತೂರು, ಪುತ್ತೂರಿನಿಂದ ಇನ್ನೊಂದು ಬಸ್ಸಿನಲ್ಲಿ ಕುಂಬ್ರ. ಹನ್ನೊಂದೂವರೆಗೆ ಅಲಿ ಕುಂಞಿಯವರ ಮನೆ ತಲುಪುವಾಗ ಬಿಸಿಲು ಏರಿರುತ್ತದೆ. ಗುಜರಿ ವ್ಯಾಪಾರ ಮಾಡುತ್ತಿದ್ದ ಅಲಿ ಕುಂಞಿಗೆ ಎರಡೂವರೆ ವರ್ಷದ ಹಿಂದೆ ಮೆದುಳಿನ ಬಲಭಾಗದಲ್ಲಿ ರಕ್ತ ಹೆಪ್ಪುಗಟ್ಟಿ ಎಡಗೈ ಎಡಗಾಲು ಸೋತವು. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದು. ಅವರ ಮೆದುಳಿನಲ್ಲಿ ನೇರ ಎಂಬುದೇ ವಾಲಿಹೋಗಿದೆ. ನೆಟ್ಟಗೆ ಕೂರಿಸಿದರೆ ತಾನು ಬಲಕ್ಕೆ ಬೀಳುತ್ತಿದ್ದೇನೆ ಎಂದು ಅವರಿಗೆ ಹೆದರಿಕೆಯಾಗುತ್ತದೆ. ಸರಿ ಇರುವ ಬಲಗೈಯನ್ನು ಊರಿ ಇಡೀ ಮೈಯನ್ನು ಎಡಕ್ಕೆ, ಬಲವಿಲ್ಲದ ಕಡೆಗೆ, ತಾವೇ ದೂಡಿಕೊಳ್ಳುತ್ತಾರೆ. ಅವರನ್ನು ಎಳೆದು ನೇರ ಮಾಡಲು ಹೋದಷ್ಟೂ ಅವರು ಇನ್ನಷ್ಟು ದೂಡುತ್ತಾರೆ. ದುಗ್ಗಮ್ಮ ಎಳೆಯುವುದಿಲ್ಲ. ಎದುರಿನ ಬಾಗಿಲಿನ ದಾರಂದದ ನೆಟ್ಟಗಿನ ಮರ ತೋರಿಸಿ, ಅದರ ಉದ್ದಕ್ಕೆ ಸರಿಯಾಗಿ ನಿಮ್ಮ ಮೂಗು ಬರಲಿ ಎಂದು ಬ್ಯಾರಿ ಭಾಷೆಯಲ್ಲೇ ಹೇಳುತ್ತಾರೆ. ಮೈ ಹೇಳುವುದನ್ನು ನಂಬಬಾರದು, ಕಣ್ಣು ಕಂಡದ್ದನ್ನು ನಂಬಬೇಕು. ಅರವತ್ತೊಂದು ವರ್ಷ ಮೈಯನ್ನೇ ನಂಬಿ ಬದುಕಿದವರಿಗೆ ಇದು ಸುಲಭವಲ್ಲ.

ಹೋದ ವರ್ಷ ಜೂನ್ ತಿಂಗಳಲ್ಲಿ ಇದೇ ಮನೆಯಲ್ಲಿ ದುಗ್ಗಮ್ಮನ ಕೈ ತಪ್ಪಿತು. ಅಲಿ ಕುಂಞಿ ನಿಂತು ಹತ್ತು ಸೆಕೆಂಡು ಆಗಿತ್ತು. ಇದ್ದಕ್ಕಿದ್ದಂತೆ ಎಡಕ್ಕೆ ದೂಡಿದರು. ಬೇರೆ ದಿನವಾದರೆ ದುಗ್ಗಮ್ಮ ತಡೆಯುತ್ತಿದ್ದರು, ಆ ದಿನ ಭುಜ ಬಿಟ್ಟುಕೊಟ್ಟಿತು. ಎಂಬತ್ತು ಕಿಲೋ ಭಾರ ಕೆಳಗೆ ಬರುವಾಗ ಅವರ ತಲೆ ಮೇಜಿನ ಅಂಚಿಗೆ ತಾಗಬಾರದೆಂದು ದುಗ್ಗಮ್ಮ ನಡುವೆ ಹೋದರು. ಅಲಿ ಕುಂಞಿಗೆ ತೊಡೆ ಕಂದಿತು, ಅಷ್ಟೇ. ದುಗ್ಗಮ್ಮನ ಮಣಿಕಟ್ಟು ಮುರಿಯಿತು. ಮಗ ಸುಹೈಬ್ ತನ್ನ ಆಟೋದಲ್ಲಿ ಇಬ್ಬರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದ.

ಆರು ವಾರ ಪ್ಲಾಸ್ಟರ್. ಇನ್ನು ನನ್ನಿಂದ ಆಗುವುದಿಲ್ಲ, ಬೇರೆಯವರನ್ನು ನೋಡಿ ಎಂದು ದುಗ್ಗಮ್ಮ ಚಿನ್ಮಯೀ ಅವರಿಗೆ ಫೋನಿನಲ್ಲಿ ಹೇಳಿದರು. ಚಿನ್ಮಯೀ ಒತ್ತಾಯ ಮಾಡಲಿಲ್ಲ. ನೋಡಲು ಬೇರೆಯವರು ಇರಲೂ ಇಲ್ಲ. ಹತ್ತನೆಯ ದಿನ ಸುಹೈಬ್ ಗುತ್ತಿಗಾರಿನವರೆಗೆ ಆಟೋ ಓಡಿಸಿಕೊಂಡು ಬಂದ. ಬಾಪ ಹಾಸಿಗೆ ಬಿಟ್ಟು ಏಳುತ್ತಿಲ್ಲ, ಯಾರು ಹಿಡಿದರೂ ಹೆದರುತ್ತಾರೆ ಎಂದ.

"ಅಕ್ಕ, ನೀವು ಹಿಡಿಯುದು ಬೇಡ. ಬಂದು ಕುರ್ಚಿಯಲ್ಲಿ ಕೂತು ಹೇಳಿ. ನಾನು ಹಿಡೀತೇನೆ."

ಹೋದರು. ಪ್ಲಾಸ್ಟರ್ ಕೈಯನ್ನು ಮಡಿಲಲ್ಲಿಟ್ಟು ಕೂತು, ಕಾಲು ಎಲ್ಲಿಡಬೇಕು, ಬೆರಳು ಎಲ್ಲಿರಬೇಕು, ಯಾವಾಗ ಬಿಗಿ, ಯಾವಾಗ ಸಡಿಲ ಎಂದು ಬಾಯಲ್ಲೇ ಹೇಳಿದರು. ಮೊದಲು ಸುಹೈಬ್ ಎರಡು ಸಲ ಬೈಸಿಕೊಂಡ. ಮೂರನೆಯ ವಾರದಲ್ಲಿ ಅವನು ಅಪ್ಪನನ್ನು ದಾರಂದದ ಎದುರು ಇಪ್ಪತ್ತೆರಡು ಸೆಕೆಂಡು ನಿಲ್ಲಿಸಿದ. ದುಗ್ಗಮ್ಮನ ಕೈಯಲ್ಲಿ ಅಲಿ ಕುಂಞಿ ಅಷ್ಟು ಹೊತ್ತು ನಿಂತದ್ದೇ ಇರಲಿಲ್ಲ. ಇದನ್ನು ಕಲಿಸಲಿಕ್ಕೂ ಆಗುತ್ತದೆ ಎಂದು ಅವರಿಗೆ ಗೊತ್ತಾದದ್ದು ಆಗ.

ಅದೇ ಆರು ವಾರದಲ್ಲಿ ಮನೆಯಲ್ಲಿ ಇನ್ನೊಂದು ಮಾತಾಯಿತು.

ಮಗಳು ಮೋಕ್ಷಿತಾಗೆ ಈಗ ಇಪ್ಪತ್ತೈದು. ಗುತ್ತಿಗಾರು ಪೇಟೆಯ ಹೊಲಿಗೆ ಅಂಗಡಿಯಲ್ಲಿ ರವಿಕೆ ಹೊಲಿಯುತ್ತಾಳೆ. ಶಾಲೆ ಚೀಲದ ದಪ್ಪ ಪಟ್ಟಿಗೆ ಹತ್ತಿ ತುಂಬಿಸಿ, ಹಿಡಿಯಲು ನಾಲ್ಕು ಕಡೆ ಕುಣಿಕೆ ಇಟ್ಟು ಅಮ್ಮನ ಸೊಂಟದ ಪಟ್ಟಿಗಳನ್ನು ಹೊಲಿದು ಕೊಡುವವಳೂ ಅವಳೇ. ಅಪ್ಪನ ಕಾಯಿಲೆ ಅವಳಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ ಎಂದು ಮಂಗಳೂರಿನ ಡಾಕ್ಟರು ಹೇಳಿದ್ದರು. ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಆದರೆ ಮಾಡಿಸುವುದೋ ಬಿಡುವುದೋ ದೊಡ್ಡವಳಾದ ಮೇಲೆ ಅವಳೇ ತೀರ್ಮಾನಿಸಬೇಕು ಎಂದೂ ಹೇಳಿದ್ದರು. ಅಂದಿನಿಂದ ದುಗ್ಗಮ್ಮ ಮಗಳು ನಡೆಯುವುದನ್ನು ನೋಡುತ್ತಾ ಬಂದಿದ್ದಾರೆ. ಮೆಟ್ಟಿಲು ಇಳಿಯುವಾಗ ನೋಡುತ್ತಾರೆ. ತುಂಬಿದ ಕೊಡ ತರುವಾಗ ನೀರು ತುಳುಕಿತೋ ಎಂದು ನೋಡುತ್ತಾರೆ. ಸೂಜಿಗೆ ನೂಲು ಪೋಣಿಸುವಾಗ ಮೊದಲ ಸಲಕ್ಕೇ ಹೋಯಿತೋ ಎಂದು ಒಲೆಯ ಮುಂದೆ ಕೂತೇ ಓರೆಗಣ್ಣಿನಲ್ಲಿ ನೋಡುತ್ತಾರೆ. ಇಡೀ ದಿನ ಇನ್ನೊಬ್ಬರ ಕಾಲು ನೋಡಿ ಬಂದ ಕಣ್ಣಿಗೆ ಮನೆಯಲ್ಲೂ ರಜೆ ಇಲ್ಲ.

ಎರಡು ವರ್ಷದ ಹಿಂದೆ ಒಂದು ಸಂಬಂಧ ಬಂದಿತ್ತು. ಹುಡುಗನ ಕಡೆಯವರಿಗೆ ದುಗ್ಗಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅವರು ಮತ್ತೆ ಬರಲಿಲ್ಲ. ಹೇಳಿದ್ದಕ್ಕೆ ಮೋಕ್ಷಿತಾ ಬೇಸರ ಮಾಡಲಿಲ್ಲ, ಮುಚ್ಚಿಟ್ಟಿದ್ದರೆ ತಾನೇ ಹೇಳುತ್ತಿದ್ದೆ ಎಂದಳು. ಅವಳಿಗೆ ಬೇಸರ ಇದ್ದದ್ದು ಬೇರೆ ವಿಷಯದಲ್ಲಿ. ಪ್ಲಾಸ್ಟರ್ ಹಾಕಿದ್ದ ದಿನಗಳಲ್ಲಿ ಅವಳೇ ಅಮ್ಮನ ತಲೆ ಬಾಚುತ್ತಿದ್ದಳು. ಒಂದು ಬೆಳಿಗ್ಗೆ ಬಾಚಿ ಮುಗಿಸಿ ಎಣ್ಣೆ ಬಾಟಲಿಯನ್ನು ಒಳಗಿಟ್ಟು ಬರುವಾಗ ಅಮ್ಮನ ಕಣ್ಣು ತನ್ನ ಪಾದದ ಮೇಲೆ ಇರುವುದನ್ನು ಕಂಡಳು.

"ಅಮ್ಮ, ನೀನು ಹದಿನೈದು ವರ್ಷದಿಂದ ನನ್ನ ಕಾಲು ನೋಡ್ತಾ ಇದ್ದಿ. ಒಮ್ಮೆ ಮುಖ ನೋಡು."

ಪರೀಕ್ಷೆ ಮಾಡಿಸಿಬಿಡುವಾ ಎಂದು ದುಗ್ಗಮ್ಮ ಕೇಳಿದರು. ಬೇಡ ಎಂದಳು ಮೋಕ್ಷಿತಾ. ಬರುತ್ತದೆ ಎಂದು ಗೊತ್ತಾದರೆ ಬರುವ ಮೊದಲೇ ಬಿದ್ದ ಹಾಗೆ, ಬರುವುದಿಲ್ಲ ಎಂದು ಗೊತ್ತಾದರೆ ಒಳ್ಳೆಯದೇ, ಆದರೆ ಈಗ ತನಗೆ ಕೆಲಸ ಉಂಟು, ಕಣ್ಣು ಉಂಟು, ಕೈ ನಡುಗುತ್ತಿಲ್ಲ, ಅಷ್ಟು ಸಾಕು ಎಂದಳು. ಬಂದರೆ ಹಿಡಿಯಲು ನೀನಿದ್ದೀಯಲ್ಲ ಎಂದೂ ಹೇಳಿದಳು. ಅದು ಸಮಾಧಾನಕ್ಕೆ ಹೇಳಿದ ಮಾತು. ಆದರೆ ದುಗ್ಗಮ್ಮನ ನಿದ್ದೆ ಕೆಡಿಸಿದ್ದು ಅದೇ ಮಾತು. ಚನಿಯಪ್ಪನಿಗೆ ಶುರುವಾದದ್ದು ಮೂವತ್ತಾರಕ್ಕೆ. ಮೋಕ್ಷಿತಾಗೆ ಮೂವತ್ತಾರು ಆಗುವಾಗ ದುಗ್ಗಮ್ಮನಿಗೆ ಅರವತ್ತಮೂರು. ಈಗಲೇ ಕೈ ಮೇಲಕ್ಕೆತ್ತಿ ಅಟ್ಟದ ಡಬ್ಬಿ ತೆಗೆಯಲು ಆಗುತ್ತಿಲ್ಲ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಅವರು ಕೆಲಸಕ್ಕೆ ಮರಳಿದರು. ಒಂದು ಬದಲಾವಣೆ ಮಾಡಿಕೊಂಡರು. ಈಗ ಯಾವ ಮನೆಗೆ ಹೋದರೂ ಆ ಮನೆಯವರಲ್ಲಿ ಒಬ್ಬರು, ನೆರೆಮನೆಯವರಲ್ಲಿ ಒಬ್ಬರು ಜೊತೆಗೆ ನಿಂತು ಕಲಿಯಬೇಕು ಎನ್ನುತ್ತಾರೆ. ಕೆಲವರು ಒಪ್ಪುತ್ತಾರೆ. ಕೆಲವರಿಗೆ, ಬರುವವಳು ನೀನಿರುವಾಗ ನಾವೇಕೆ ಎಂಬ ಭಾವ. ಒಂದು ಮನೆಯವರು ಅವಳಿಗೆ ಸೋಮಾರಿತನ ಬಂದಿದೆ ಎಂದು ಚಿನ್ಮಯೀ ಅವರಿಗೆ ದೂರು ಹೇಳಿದ್ದೂ ಉಂಟು. ಆ ದೂರಿನ ಬಗ್ಗೆ ಕೇಳಿದರೆ ದುಗ್ಗಮ್ಮ ಬುತ್ತಿಯ ಮುಚ್ಚಳ ಒತ್ತುತ್ತಾ, ಸೋಮಾರಿತನ ಬರಬೇಕಿತ್ತು, ಬರಲಿಲ್ಲ ಎನ್ನುತ್ತಾರೆ.

ಹತ್ತು ತಿಂಗಳಲ್ಲಿ ಹನ್ನೊಂದು ಮಂದಿ ಕಲಿತಿದ್ದಾರೆ. ಸುಹೈಬ್ ಮೊದಲನೆಯವನು. ವಾಸಂತಿ ಟೀಚರ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಾಣಿಯೂರಿನಲ್ಲಿ ಕಲಿತಿದ್ದಾಳೆ. ಬೆಳ್ಯಪ್ಪನ ಹೆಂಡತಿಗೆ ಈಗ ದುಗ್ಗಮ್ಮ ಇಲ್ಲದ ದಿನವೂ ಗಂಡನನ್ನು ಬಚ್ಚಲಿಗೆ ಕರೆದುಕೊಂಡು ಹೋಗುವ ಧೈರ್ಯ ಉಂಟು. ಹೋದ ತಿಂಗಳು ಗುತ್ತಿಗಾರು ಪೇಟೆಯಲ್ಲಿ ಹೊರಗಿನವರೊಬ್ಬರು ಕಾಲು ಎಳೆಯುತ್ತ ತೂರಾಡಿದಾಗ, ಅಂಗಡಿಯವರು ಅಮಲೆಂದು ನಗುತ್ತಿದ್ದರಂತೆ. ಅಲ್ಲೇ ಮೀನು ತರಲು ಬಂದಿದ್ದ ಬೆಳ್ಯಪ್ಪನ ಹೆಂಡತಿ ಹೋಗಿ ಅವರ ಸೊಂಟ ಹಿಡಿದು ಬೆಂಚಿನ ಮೇಲೆ ಕೂರಿಸಿ, ಮಾತ್ರೆ ತಿನ್ನುವ ಹೊತ್ತು ಮೀರಿದೆಯೋ ಎಂದು ಕೇಳಿದರಂತೆ. ಮೀರಿತ್ತು. ಈ ಸುದ್ದಿಯನ್ನು ದುಗ್ಗಮ್ಮ ಎರಡು ಸಲ ಹೇಳಿದರು.

ಸಂಜೆ ಐದೂಮುಕ್ಕಾಲು. ಕುಂಬ್ರದ ಜಂಕ್ಷನ್ನಿನಲ್ಲಿ ಸುಳ್ಯದ ಬಸ್ಸು ಬರಲು ಇನ್ನೂ ಹೊತ್ತಿದೆ. ದಿನದ ಐದನೆಯ ಮನೆ ಮುಗಿದಿದೆ. ಸುಳ್ಯದಲ್ಲಿ ಇಳಿದು ಗುತ್ತಿಗಾರಿನ ಬಸ್ಸು ಹಿಡಿದು ಮನೆ ಸೇರುವಾಗ ಎಂಟಾಗುತ್ತದೆ. ದುಗ್ಗಮ್ಮ ಅಂಗಡಿಯ ಗೋಡೆಗೆ ಒರಗಿ ಎಡಗೈಯಿಂದ ಬಲ ಭುಜ ಒತ್ತಿಕೊಳ್ಳುತ್ತಿದ್ದಾರೆ. ಇನ್ನೆಷ್ಟು ವರ್ಷ ಈ ಕೆಲಸ ಎಂದು ಕೇಳಿದರೆ ರಸ್ತೆ ನೋಡುತ್ತಲೇ ಹೇಳುತ್ತಾರೆ.

"ಊರಿಗೆ ಇಬ್ಬರು ಬೇಕು. ಅಮಲು ಅಂತ ಹೇಳದೆ ಹತ್ತಿರ ಬಂದು ಹಿಡಿಯುವವರು. ನನ್ನ ಮಗಳಿಗೆ ಬೇಕಾಗದೆ ಇರ್ಲಿ. ಬೇಕಾದ್ರೆ ಅಂಥವರು ಇರ್ಲಿ ಅಂತ." ಬಸ್ಸು ದೂರದ ತಿರುವಿನಲ್ಲಿ ಕಾಣಿಸಿಕೊಳ್ಳುತ್ತದೆ. ಅವರು ಚೀಲವನ್ನು ಎಡ ಹೆಗಲಿಗೆ ಏರಿಸುತ್ತಾರೆ. "ಇನ್ನೊಂದು ಇಪ್ಪತ್ತು ಮಂದಿ ಕಲೀಲಿ. ಮತ್ತೆ ನಾನು ಸ್ವಲ್ಪ ಕೂತ್ಕೊಳ್ತೇನೆ."